ಕೊಟ್ಟ ಮಾತಿನ ಭಾರ ಯಾರಿಗೆ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳು ಹೈಸ್ಕೂಲು ಹುಡುಗರ ಮನೆಗೇ ಬಂದು, ತಾಯಿತಂದೆಯರೆದುರು ಕುಳಿತು, "ನಿಮ್ಮ ಮಗ ನನ್ನ ಜವಾಬ್ದಾರಿ" ಎನ್ನುವುದುಂಟು. ಹದಿನೇಳರ ಹುಡುಗ ಒಪ್ಪುತ್ತಾನೆ. ಮರುವರ್ಷ ಹೆಚ್ಚು ಸಂಬಳ ಸಿಕ್ಕರೆ ಕೋಚೇ ಬೇರೆ ಕಾಲೇಜಿಗೆ ಹೊರಟುಬಿಡಬಹುದು. ಹುಡುಗ ಹೊರಟರೆ ಮಾತ್ರ, 2021ರವರೆಗೆ, ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಆಮೇಲೆ ಆ ಕಟ್ಟು ಸಡಿಲಾಯಿತು. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಲು ಅನುಮತಿಯೂ ಸಿಕ್ಕಿತು.

"ಹಣ ಬಂತು, ನಿಷ್ಠೆ ಹೋಯಿತು" ಎಂದು ನಾವು ಗೊಣಗುತ್ತೇವೆ. ಆದರೆ ಒಬ್ಬನನ್ನೇ ಕಟ್ಟಿದ್ದು ನಿಷ್ಠೆಯಲ್ಲ, ಹಗ್ಗ. ಹಗ್ಗ ಬಿಚ್ಚಿದ ಮೇಲೂ ಉಳಿಯುವುದೇ ನಿಷ್ಠೆ.

ಪುಣ್ಯಕೋಟಿಯ ಕಥೆ ಹೇಳಿ ಮಕ್ಕಳಿಗೆ "ಮಾತಿಗೆ ತಪ್ಪಬೇಡ" ಎನ್ನುತ್ತೇವೆ. ಆ ಕಥೆಯಲ್ಲಿ ಬಲಶಾಲಿ ಹುಲಿಗೂ ಮನಸ್ಸಾಕ್ಷಿಯಿತ್ತು. ಅದನ್ನು ಮೊದಲು ಹಿರಿಯರಾದ ನಾವು ನೆನೆಯೋಣ.