ನೋಡಿದ್ದಷ್ಟೇ, ಏನೂ ಮಾಡಲಿಲ್ಲ



ರಜೆ ಬಂತೆಂದರೆ ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯಬೇಕು. ಬೆಟ್ಟ, ಬಂಡೆ, ಗುಹೆ ಎಂದರೆ ಮಕ್ಕಳಿಗೂ ಇಷ್ಟ, ಖರ್ಚೂ ಕಡಿಮೆ. ಬುತ್ತಿ ಕಟ್ಟಿಕೊಂಡು ಹೋಗಿ, ಹತ್ತಿ ಇಳಿದು, ಫೋಟೋ ತೆಗೆದುಕೊಂಡು ಸಂಜೆಗೆ ಮನೆ ಸೇರುತ್ತೇವೆ. ಇದರಲ್ಲಿ ಸರಿತಪ್ಪಿನ ಮಾತೇನು ಬಂತು ಎಂದು ನೀವು ಕೇಳಬಹುದು. ‘ನಾವು ನೋಡಿದ್ದಷ್ಟೇ, ಯಾರಿಗೂ ಏನೂ ಮಾಡಲಿಲ್ಲವಲ್ಲ!’ ಬಹಳ ದಿನಗಳಿಂದ ಈ ಮಾತು ನನ್ನನ್ನು ಕಾಡುತ್ತಿದೆ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ನೀವು ಹೋಗಿರಬಹುದು. ಮೇಲೆ ಹಳೆಯ ಕೋಟೆಯ ಗೋಡೆಗಳು. ಕೆಳಗೆ ಬಂಡೆಯ ಗುಹೆಯಲ್ಲೇ ರೇಣುಕಾಂಬೆಯ ಗುಡಿ. ಮಗ ಪರಶುರಾಮನ ಕೊಡಲಿಗೆ ಹೆದರಿ ಓಡಿಬಂದ ತಾಯಿ ಈ ಬಂಡೆಯೊಳಗೆ ಅಡಗಿದಳೆಂದು ಭಕ್ತರ ನಂಬಿಕೆ. ಅಂದರೆ, ಯಾರ ಕಣ್ಣಿಗೂ ಬೀಳಬಾರದೆಂದು ಹೆಣ್ಣೊಬ್ಬಳು ಆಶ್ರಯ ಪಡೆದ ಜಾಗ ಅದು.

ಆ ಜಾಗದಲ್ಲೇ ಎಂಥ ನೋಟ ನಡೆಯುತ್ತಿತ್ತು ನೋಡಿ. ಮಾರ್ಚ್ ತಿಂಗಳ ಜಾತ್ರೆಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ಬರುತ್ತಿದ್ದರು. ಅವರಲ್ಲಿ ಬಹಳ ಮಂದಿ ಬಡವರು, ದಲಿತ ಹೆಣ್ಣುಮಕ್ಕಳು. ಮಗುವಿನ ಕಾಯಿಲೆಯೋ, ಮನೆಯ ಕಷ್ಟವೋ, ಏನೋ ಒಂದು ನೋವು ಅವರನ್ನು ಅಲ್ಲಿಗೆ ತಂದಿರುತ್ತಿತ್ತು. ಅವರ ಸುತ್ತ ನೋಡಲೆಂದೇ ಬಂದವರೂ ಇರುತ್ತಿದ್ದರು. ಕ್ಯಾಮೆರಾ ಹಿಡಿದವರೂ ಇರುತ್ತಿದ್ದರು. ಅವರನ್ನು ಕೇಳಿದ್ದರೆ ಅದೇ ಉತ್ತರ ಬರುತ್ತಿತ್ತು: ನೋಡಿದ್ದಷ್ಟೇ.

ಇದು ನಿಲ್ಲಬೇಕೆಂದು ದಲಿತ ಸಂಘರ್ಷ ಸಮಿತಿಯವರು ಹೋರಾಡಿದರು. 1986ರ ಮಾರ್ಚ್ 20ರಂದು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ತಿರುಗಿಬಿತ್ತು. ಅವರನ್ನು ಹೊಡೆದು, ಬಟ್ಟೆ ಕಿತ್ತು, ಮೆರವಣಿಗೆ ಮಾಡಿದರು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಿಷೇಧ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹರಕೆ ಹೊತ್ತವಳ ಅಜ್ಞಾನದ ಬಗ್ಗೆ ನಾವು ಆಡಿದಷ್ಟು ಮಾತು, ದಾರಿಬದಿಯಲ್ಲಿ ನಿಂತು ನೋಡಿದವನ ಬಗ್ಗೆ ಆಡಲಿಲ್ಲ. ಅವಳಿಗಾದರೂ ಒಂದು ನಂಬಿಕೆ ಇತ್ತು. ಅವನಿಗೆ ಏನಿತ್ತು?

ಜಾತ್ರೆಯ ಆ ನೋಟಕ್ಕೂ ನಮ್ಮ ಬಂಡೆ ನೋಡುವ ಪ್ರವಾಸಕ್ಕೂ ಏನು ಸಂಬಂಧ ಎನ್ನುತ್ತೀರಾ? ಇಲ್ಲೊಬ್ಬಳು ಹೆಣ್ಣುಮಗಳು ನಿಂತಿದ್ದಳು, ತಪ್ಪು ಎದ್ದು ಕಾಣುತ್ತದೆ. ಬರಿಯ ಕಲ್ಲಾದರೆ? ಆಸ್ಟ್ರೇಲಿಯಾದ ನಡುವಿನ ಮರುಭೂಮಿಯಲ್ಲಿ ಉಲೂರು ಎಂಬ ಕೆಂಪು ಬಂಡೆಯಿದೆ. ನೆಲದಿಂದ 348 ಮೀಟರ್ ಎತ್ತರ, ಸುತ್ತ ರಾಷ್ಟ್ರೀಯ ಉದ್ಯಾನ. ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನರಿಗೆ ಅದು ಪವಿತ್ರ. 1985ರಲ್ಲಿ ಸರ್ಕಾರ ಆ ನೆಲವನ್ನು ಅವರಿಗೆ ಮರಳಿಸಿತು. ಅವರು ತಕ್ಷಣ ಬಾಗಿಲು ಹಾಕಲಿಲ್ಲ. ದಯವಿಟ್ಟು ಹತ್ತಬೇಡಿ ಎಂದು ಕೇಳಿಕೊಂಡರು, ಅಷ್ಟೇ. ನೋಡಿ, ಸುತ್ತ ನಡೆಯಿರಿ, ನಮ್ಮ ಕಥೆ ಕೇಳಿ. ಮೇಲೆ ಮಾತ್ರ ಬೇಡ. ಆದರೂ ವರ್ಷವರ್ಷವೂ ಜನ ಹತ್ತಿದರು. ಜಾರಿಬಿದ್ದೋ ಎದೆ ನಿಂತೋ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ನನ್ನ ಮನಸ್ಸಿಗೆ ತಟ್ಟಿದ್ದು ಇದು: ತಮ್ಮ ಮಾತು ಮೀರಿ ಹತ್ತಿ ಸತ್ತವರಿಗಾಗಿಯೂ ಅನಂಗು ಜನ ದುಃಖಪಡುತ್ತಿದ್ದರು. ತಮ್ಮ ನೆಲಕ್ಕೆ ಬಂದವರ ಹೊಣೆ ತಮ್ಮದೆಂಬುದು ಅವರ ಧರ್ಮ. ಅತಿಥಿಗೆ ಆತಿಥೇಯನ ಚಿಂತೆಯಿಲ್ಲ. ಆತಿಥೇಯನಿಗೆ ಅತಿಥಿಯ ಚಿಂತೆ!

ಕೊನೆಗೆ 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ನಿಲ್ಲಿಸಲಾಯಿತು. ಅದಕ್ಕೆ ಮುಂಚಿನ ದಿನಗಳಲ್ಲಿ ಏನಾಯಿತು ಗೊತ್ತೇ? ಇನ್ನು ಅವಕಾಶ ಸಿಗದೆಂದು ಜನ ಸಾಲುಗಟ್ಟಿ ಹತ್ತಿದರು, ಮಕ್ಕಳನ್ನೂ ಕರೆದುಕೊಂಡು. ನಗಬೇಡಿ. ‘ಒಳಗೆ ಫೋಟೋ ತೆಗೆಯಬಾರದು’ ಎಂಬ ಫಲಕ ಕಂಡ ಕೂಡಲೇ ನಮ್ಮ ಕೈಯೂ ಜೇಬಿನ ಮೊಬೈಲಿಗೆ ಹೋಗುವುದಿಲ್ಲವೇ?

ಹಾಗಾದರೆ ನೋಡಲು ಹೋಗುವುದೇ ತಪ್ಪೇ? ಖಂಡಿತ ಅಲ್ಲ. ಹೋರೇಬ್ ಬೆಟ್ಟದ ಅಡವಿಯಲ್ಲಿ ಮೋಶೆ ಮೊದಲು ಹೋದದ್ದು ಕುತೂಹಲದಿಂದಲೇ. ಪೊದೆ ಉರಿಯುತ್ತಿದ್ದರೂ ಸುಟ್ಟುಹೋಗದಿರುವ ಸೋಜಿಗ ನೋಡೋಣವೆಂದು. ಆ ಕುತೂಹಲಕ್ಕಾಗಿ ದೇವರು ಅವನನ್ನು ಗದರಿಸಲಿಲ್ಲ. ಹತ್ತಿರ ಬರಬೇಡ, ಕಾಲಿನ ಕೆರ ಕಳಚು ಎಂದರು. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ನೋಡಲು ಬಂದವನು ತೀರ್ಮಾನಿಸಲಿಲ್ಲ, ಜಾಗ ಯಾರದೋ ಅವರು ಹೇಳಿದರು. ನಮ್ಮ ಬಲಿಪೂಜೆಯ ನಡುವೆ ಅಪರಿಚಿತರು ಬಂದು ಪೀಠದ ಬಳಿ ನಿಂತು ಫೋಟೋ ತೆಗೆದುಕೊಂಡರೆ ನಮಗೆ ಹೇಗಾದೀತು? ಅವರೂ ‘ನೋಡಿದ್ದಷ್ಟೇ’ ಎನ್ನುವವರೇ.

ಉಲೂರಿನ ಉದ್ಯಾನದ ಕಚೇರಿಗೆ ಅಂಚೆಯಲ್ಲಿ ಕಲ್ಲುಗಳು ಬರುತ್ತವಂತೆ. ನೆನಪಿಗೆಂದು ಒಯ್ದವರು, ಮನಸ್ಸು ಕುಟುಕಿ, ಕ್ಷಮಿಸಿ ಎಂದು ಪತ್ರ ಬರೆದು ಹಿಂದಿರುಗಿಸುತ್ತಾರೆ. ‘ಕ್ಷಮೆಯ ಕಲ್ಲು’ಗಳೆಂದೇ ಅವಕ್ಕೆ ಹೆಸರಾಗಿದೆ. ಎಲ್ಲಿಂದ ತೆಗೆದದ್ದೋ ಅದೇ ಜಾಗದಲ್ಲಿ ಇಡುವುದು ಮಾತ್ರ ಸುಲಭವಲ್ಲ.

ನಮ್ಮ ಮನೆಯ ಷೋಕೇಸಿನಲ್ಲೂ ಯಾಣದ ಬಂಡೆಗಳ ಬುಡದಿಂದ ಹೆಕ್ಕಿ ತಂದ ಕರಿಕಲ್ಲಿನ ಚೂರೊಂದಿದೆ. ಮೊನ್ನೆ ಧೂಳು ಒರೆಸುವಾಗ ಮೊಮ್ಮಗಳು, “ಇದು ಯಾರದು ಅಜ್ಜಾ?” ಎಂದು ಕೇಳಿದಳು. ನಮ್ಮದು ಎನ್ನಲು ಬಾಯಿ ಬರಲಿಲ್ಲ.