ಸಾರ್ಡೀನ್ ಡಬ್ಬಿಯೊಳಗಿನ ಪಾಪ

ಮೀನು ತುಂಬಿ ಮಾರುವ ಸಾರ್ಡೀನ್ ಡಬ್ಬಿ. ಒಳಗೆ ಮೀನಿಲ್ಲ, ಬಾಂಬು. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂದು ಲೆಕ್ಕ ಶುರು. 24 ಗಂಟೆಗೆ ಸಿಡಿಯುತ್ತದೆ. ನಿಕೊಲಾಯ್ ಎಂಬ ಹುಡುಗ, ತತ್ತ್ವಶಾಸ್ತ್ರದ ವಿದ್ಯಾರ್ಥಿ, ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದಾನೆ. ಏನನ್ನೋ ಯೋಚಿಸುತ್ತ ಯೋಚಿಸುತ್ತ ಅವನ ಬೆರಳು ಕೀಲಿ ತಿರುಗಿಸಿಬಿಡುತ್ತದೆ. ಬೇಕೆಂದೇ ಮಾಡಿದನೆನ್ನಲು ಬರುವುದಿಲ್ಲ, ತಡೆದನೆನ್ನಲೂ ಬರುವುದಿಲ್ಲ. ಆಮೇಲೆ ಅದೇ ಡಬ್ಬಿಯ ಪಕ್ಕ ತಲೆಯಿಟ್ಟು ಮಂಪರಿಗೆ ಜಾರುತ್ತಾನೆ. ಬಾಂಬು ಬಂದಿರುವುದು ಅವನ ಅಪ್ಪನಿಗಾಗಿ. ಚಿತ್ರಗುಪ್ತ ಇದನ್ನು ಯಾವ ಖಾತೆಗೆ ಬರೆದುಕೊಳ್ಳಬೇಕು?

ರಷ್ಯನ್ ಲೇಖಕ ಆಂದ್ರೇ ಬೆಲಿಯ 'ಪೀಟರ್ಸ್‌ಬರ್ಗ್' ಕಾದಂಬರಿ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಮೊದಲು ಕೇಳಿ ಬರೆಸಿದ ಪತ್ರಿಕೆಯ ಸಂಪಾದಕ ಪ್ಯೋತರ್ ಸ್ತ್ರೂವೆ ಹಸ್ತಪ್ರತಿ ಓದಿ 1912ರಲ್ಲಿ ವಾಪಸು ಕಳಿಸಿದ. ಕೊನೆಗೆ 1913-14ರಲ್ಲಿ 'ಸಿರಿನ್' ಸಂಕಲನಗಳಲ್ಲಿ ಕಂತುಕಂತಾಗಿ ಬಂತು, 1916ರಲ್ಲಿ ಪುಸ್ತಕವಾಯಿತು. ಬೆಲಿ ಇಡಬೇಕೆಂದಿದ್ದ ಹೆಸರು 'ಮೆರುಗಿನ ಸಾರೋಟು'. ಊರಿನ ಹೆಸರನ್ನೇ ಇಡು ಎಂದವನು ಕವಿ ವ್ಯಾಚೆಸ್ಲಾವ್ ಇವಾನೊವ್. ಒಳ್ಳೆಯ ಸಲಹೆ. ಮುಂದೆ 1965ರಲ್ಲಿ ನಬೊಕೊವ್ ಇಪ್ಪತ್ತನೆಯ ಶತಮಾನದ ಗದ್ಯದ ಶ್ರೇಷ್ಠ ಕೃತಿಗಳನ್ನು ಎಣಿಸುವಾಗ ಜಾಯ್ಸ್, ಕಾಫ್ಕಾ ಆದ ಮೇಲೆ, ಪ್ರೂಸ್ತ್‌ಗಿಂತ ಮೊದಲು, ಇದನ್ನು ಮೂರನೆಯದಾಗಿ ಹೆಸರಿಸಿದ.

ಕಥೆ ನಡೆಯುವುದು 1905ರ ಅಕ್ಟೋಬರಿನ ಕೆಲವೇ ದಿನಗಳಲ್ಲಿ. ಜಪಾನಿನ ಕೈಯಲ್ಲಿ ರಷ್ಯಾ ಸೋತಾಗಿದೆ, ಎಲ್ಲೆಲ್ಲೂ ಮುಷ್ಕರ. ಹಿಂದಿನ ವರ್ಷವಷ್ಟೇ ಗೃಹಮಂತ್ರಿ ಪ್ಲೆಹ್ವೆ ಸಾರೋಟಿನಲ್ಲಿ ಹೋಗುವಾಗ ಬಾಂಬಿಗೆ ಬಲಿಯಾಗಿದ್ದ. ನಿಕೊಲಾಯ್‌ನ ಅಪ್ಪ, ಮುದುಕ ಸೆನೆಟರ್ ಅಪೊಲೊನ್ ಅಪೊಲೊನೊವಿಚ್‌ಗೆ ಆ ಪ್ಲೆಹ್ವೆ ಗೆಳೆಯ. ಹಾಗಾಗಿ ಅವನ ಭಯ ಬರೀ ಭ್ರಮೆಯಲ್ಲ.

ಈ ಸೆನೆಟರನನ್ನು ಹತ್ತಿರದಿಂದ ನೋಡಬೇಕು. ಕುಳ್ಳ, ದೊಡ್ಡ ಕಿವಿ, ಬೋಳು ತಲೆ. ಸರಳರೇಖೆ ಎಂದರೆ ಪ್ರಾಣ. ಬಯಲು ಕಂಡರೆ ಎದೆ ಹಾರುತ್ತದೆ. ನೆವ್ಸ್ಕಿ ಬೀದಿಯಲ್ಲಿ ಸಾರೋಟಿನ ಕರಿಯ ಚೌಕದೊಳಗೆ ಕೂತು ಹೋಗುವಾಗ ಮಾತ್ರ ನೆಮ್ಮದಿ. ಅಂಥ ಒಂದು ಬೆಳಿಗ್ಗೆ, ಕೈಯಲ್ಲಿ ಗಂಟು ಹಿಡಿದ ಮೀಸೆಯ ಅಪರಿಚಿತನೊಬ್ಬನ ಕಣ್ಣು ಅವನ ಕಣ್ಣಿಗೆ ತಾಗುತ್ತದೆ. ಮುದುಕನ ಎದೆ ಧಸಕ್ಕೆನ್ನುತ್ತದೆ. ಮೊದಲ ಅಧ್ಯಾಯ ಮುಗಿಯುವ ಹೊತ್ತಿಗೆ ನಿರೂಪಕ ನಡುವೆ ಬಾಯಿ ಹಾಕಿ ಒಂದು ವಿಚಿತ್ರ ಮಾತು ಹೇಳುತ್ತಾನೆ. ಆ ಅಪರಿಚಿತ ಸೆನೆಟರನ ತಲೆಯಲ್ಲಿ ಹುಟ್ಟಿದವನು. ಸೆನೆಟರನಾದರೋ ಲೇಖಕನ ತಲೆಯಲ್ಲಿ ಹುಟ್ಟಿದವನು. ಹಾಗೆಂದು ಇಬ್ಬರೂ ಸುಳ್ಳಲ್ಲ. ಒಮ್ಮೆ ತಲೆಯಲ್ಲಿ ಮೂಡಿದ ಮೇಲೆ ಅವನು ಇದ್ದೇ ಇದ್ದಾನೆ, ಬೀದಿ ಬೀದಿಯಲ್ಲಿ ಸೆನೆಟರನ ಬೆನ್ನು ಹತ್ತುತ್ತಾನೆ. ಇದಕ್ಕೆ ಬೆಲಿ ಕೊಡುವ ಹೆಸರು 'ಮಿದುಳಿನ ಆಟ'.

ಬರೀ ಚಮತ್ಕಾರವೆನಿಸಬಹುದು. ಆದರೆ ಬೆಲಿಗೆ ಇದು ನಂಬಿಕೆಯ ಮಾತಾಗಿತ್ತು. ಕಾಂಟ್‌ನನ್ನು ಅರೆದು ಕುಡಿದಿದ್ದ ಅವನು 1912ರಲ್ಲಿ ರುಡಾಲ್ಫ್ ಸ್ಟೈನರ್‌ನ ಶಿಷ್ಯನಾದ. ಸ್ಟೈನರ್ ಆಗ ಥಿಯಾಸಫಿಕಲ್ ಸೊಸೈಟಿಯ ಜರ್ಮನ್ ಶಾಖೆಯ ಮುಖ್ಯಸ್ಥ. ಅದರ ಕೇಂದ್ರ ನಮ್ಮ ಮದ್ರಾಸಿನ ಅಡ್ಯಾರ್. ಅಲ್ಲಿ ಜಿಡ್ಡು ಕೃಷ್ಣಮೂರ್ತಿ ಎಂಬ ಬಾಲಕನನ್ನು ಜಗದ್ಗುರುವೆಂದು ಮೆರೆಸಹೊರಟಾಗ ಸ್ಟೈನರ್ ಜಗಳ ತೆಗೆದು ಬೇರೆಯಾದ. ಜಗಳ ಏನೇ ಇರಲಿ, ಒಂದು ತಿಳಿವಳಿಕೆ ಎರಡೂ ಕಡೆ ಉಳಿಯಿತು: ಯೋಚನೆಗೆ ಆಕಾರವಿದೆ, ಅದು ಯೋಚಿಸಿದವನನ್ನು ಬಿಟ್ಟೂ ಓಡಾಡಬಲ್ಲದು. ಬೆಲಿ ಸ್ವಿಟ್ಜರ್ಲೆಂಡಿನ ಡೋರ್ನಾಖ್‌ನಲ್ಲಿ ಸ್ಟೈನರ್ ಕಟ್ಟಿಸುತ್ತಿದ್ದ ಮರದ ಮಂದಿರಕ್ಕೆ ಉಳಿ ಹಿಡಿದು ಕೆತ್ತನೆ ಕೆಲಸವನ್ನೂ ಮಾಡಿದ. ಅಂಥವನಿಗೆ, ಅಪ್ಪ ಸಾಯಲಿ ಎಂದು ಮಗ ಒಂದು ಕ್ಷಣ ಯೋಚಿಸುವುದು ಸಣ್ಣ ಸಂಗತಿಯಲ್ಲ.

ಅವನದೇ ಮನೆಯ ಕಥೆಯೂ ಇದರಲ್ಲಿ ಸೇರಿಕೊಂಡಿದೆ. ಬೆಲಿಯ ನಿಜ ಹೆಸರು ಬೋರಿಸ್ ಬುಗಾಯೆವ್. ತಂದೆ ನಿಕೊಲಾಯ್ ಬುಗಾಯೆವ್ ಮಾಸ್ಕೋ ವಿಶ್ವವಿದ್ಯಾಲಯದ ಹೆಸರಾಂತ ಗಣಿತಜ್ಞ. ಮಗನ ಹುಚ್ಚು ಬರವಣಿಗೆಯಿಂದ ತಂದೆಗೆ ಮುಜುಗರವಾಗದಿರಲೆಂದೇ ಆ ಕಾವ್ಯನಾಮ ಬಂದದ್ದು. ಅಪ್ಪನಿಗಾಗಿ ಹೆಸರು ಮರೆಸಿಕೊಂಡವನು ಪಿತೃಹತ್ಯೆಯ ಕಾದಂಬರಿ ಬರೆದ. ಮಗನ ಪಾತ್ರಕ್ಕೆ ಅಪ್ಪನ ಹೆಸರನ್ನೇ ಇಟ್ಟ.

ಮನೋವಾಕ್ಕಾಯ ಎಂದು ಒಂದೇ ಉಸಿರಿನಲ್ಲಿ ಹೇಳುವ ಕನ್ನಡದವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ. ಜನ್ನನ 'ಯಶೋಧರ ಚರಿತೆ'ಯಲ್ಲಿ (1209) ರಾಜ ನಿಜವಾದ ಕೋಳಿಯನ್ನೇನೂ ಕೊಯ್ಯುವುದಿಲ್ಲ, ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಅದು ಕೂಗುತ್ತದೆ. ಆ ಸಂಕಲ್ಪಹಿಂಸೆಗೆ ರಾಜ, ಅದನ್ನು ಮಾಡಿಸಿದ ಅವನ ತಾಯಿ ಇಬ್ಬರೂ ಜನ್ಮ ಜನ್ಮ ತೊಳಲುತ್ತಾರೆ. ಜನ್ನನ ಲೆಕ್ಕ ಕರಾರುವಾಕ್ಕು, ಅಲ್ಲಿ ಕರ್ಮ ವಿಳಾಸ ತಪ್ಪುವುದಿಲ್ಲ. ಬೆಲಿಯ ಊರಿನಲ್ಲಿ ತಪ್ಪುತ್ತದೆ.

ನಿಕೊಲಾಯ್ ಒಂದು ಕಡೆ, ಕತ್ತರಿಯಿಂದ ಅಪ್ಪನ ಕುತ್ತಿಗೆಯ ರಕ್ತನಾಳ ಕತ್ತರಿಸುವುದನ್ನು ಕಣ್ಣಿಗೆ ಕಟ್ಟುವಷ್ಟು ವಿವರವಾಗಿ ಕಲ್ಪಿಸಿಕೊಳ್ಳುತ್ತಾನೆ. ಕಲ್ಪನೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಕತ್ತರಿ ನಿಲ್ಲುವುದಿಲ್ಲ. ಬಾಂಬಿನ ಗಂಟು ತಂದಿದ್ದ ಮೀಸೆಯ ಮನುಷ್ಯ ದೂದ್ಕಿನ್ ಕೊನೆಗೆ ಪುಟ್ಟ ಕತ್ತರಿಯೊಂದನ್ನು ಕೊಂಡು, ಕ್ರಾಂತಿಕಾರಿಗಳನ್ನೂ ಪೊಲೀಸರನ್ನೂ ಒಟ್ಟಿಗೆ ಆಡಿಸುತ್ತಿದ್ದ ಲಿಪ್ಪಾಂಚೆಂಕೊನನ್ನು ಕೊಲ್ಲುತ್ತಾನೆ. (ಆ ಲಿಪ್ಪಾಂಚೆಂಕೊ ಎರಡೂ ಕಡೆ ಸಂಬಳ ತಿಂದು ಸಿಕ್ಕಿಬಿದ್ದ ನಿಜ ಜೀವನದ ಗೂಢಚಾರ ಅಜೆಫ್‌ನ ಅಚ್ಚು.) ಬೆಳಿಗ್ಗೆ ಜನ ಬಂದು ನೋಡಿದರೆ ದೂದ್ಕಿನ್ ಹೆಣದ ಮೇಲೆ ಕುದುರೆ ಸವಾರನಂತೆ ಕೂತು ಕೈ ಚಾಚಿದ್ದಾನೆ, ಥೇಟ್ ನಗರದ ನಡುವಿನ ಪೀಟರ್ ದೊರೆಯ ಕಂಚಿನ ಪ್ರತಿಮೆ! ಒಬ್ಬನ ತಲೆಯಲ್ಲಿ ಮೂಡಿದ ಕೊಲೆ ಇನ್ನೊಬ್ಬನ ಕೈಯಲ್ಲಿ ನಡೆದುಹೋಯಿತು. ಇಲ್ಲಿ ಪಾಪಿ ಯಾರು? ಬೆಲಿ ಪಾತಕಿಯನ್ನು ತೋರಿಸುತ್ತಾನೆ, ಪಾಪದ ಒಡೆಯನನ್ನು ತೋರಿಸುವುದಿಲ್ಲ. ದಾಸ್ತೊಯೆವ್‌ಸ್ಕಿಯ ಇವಾನ್ ಕರಮಜೊವ್ ಕೂಡ ಅಪ್ಪನ ಸಾವನ್ನು ಬಯಸಿದವನೇ ಹೊರತು ಕೊಂದವನಲ್ಲ. ಆದರೆ ಅವನಿಗೆ ಹೊತ್ತು ನರಳಲು ಒಂದು ಆತ್ಮಸಾಕ್ಷಿಯಿತ್ತು. ಇಲ್ಲಿ ಮನಸ್ಸೇ ಯಾರದೆಂದು ಗೊತ್ತಿಲ್ಲ.

ಆಧುನಿಕ ಕಾದಂಬರಿಯಲ್ಲಿ 'ಪೀಟರ್ಸ್‌ಬರ್ಗ್' ಬೇರೆಯಾಗಿ ನಿಲ್ಲುವುದು ಈ ಕಾರಣಕ್ಕೇ. ಆರು ವರ್ಷ ತಡವಾಗಿ ಬಂದ ಜಾಯ್ಸ್‌ನ 'ಯುಲಿಸಿಸ್' ಜೊತೆ ಅದನ್ನು ಹೋಲಿಸುವುದು ವಾಡಿಕೆ: ಒಂದು ನಗರ, ಅಪ್ಪ-ಮಗ, ನಾದಕ್ಕೆ ಕಟ್ಟಿದ ಗದ್ಯ. ಹೋಲಿಕೆ ಅರ್ಧ ಮಾತ್ರ ಸರಿ. ಜಾಯ್ಸ್ ಡಬ್ಲಿನ್ನನ್ನು ನಾಯಕ ಬ್ಲೂಮನ ತಲೆಯೊಳಗೆ ತುಂಬಿದ. ಬೆಲಿ ತಲೆಯೊಳಗಿನದನ್ನು ನೆವ್ಸ್ಕಿ ಬೀದಿಗೆ ಸುರಿದ. ದೂದ್ಕಿನ್‌ನ ಅಟ್ಟದ ಕೋಣೆಗೆ ಶಿಶ್ನಾರ್ಫ್ನೆ ಎಂಬ ಪಾರಸಿಕನೊಬ್ಬ ಬರುತ್ತಾನೆ. ಮಾತಾಡುತ್ತ ಆಡುತ್ತ ಅವನ ಮೈ ತೆಳ್ಳಗಾಗಿ ಕಿಟಕಿಯ ಮೇಲಿನ ಬರೀ ಕಪ್ಪು ಆಕೃತಿಯಾಗುತ್ತದೆ, ಕೊನೆಗೆ ದನಿಯಷ್ಟೇ ಉಳಿಯುತ್ತದೆ. ಆ ದನಿ ಹೊರಡುತ್ತಿರುವುದು ದೂದ್ಕಿನ್‌ನ ಗಂಟಲಿನಿಂದಲೇ! ಇಂಥ ಸೈತಾನನನ್ನು ರೇಖಾಗಣಿತದಲ್ಲಿ ಕರಗಿಸುವುದು ಗಣಿತಜ್ಞನ ಮಗನಿಗೇ ಸಾಧ್ಯ. 1922ರಲ್ಲಿ ಬರ್ಲಿನ್ನಿನಲ್ಲಿ ಹೊಸ ಮುದ್ರಣ ತರುವಾಗ ಬೆಲಿ ಕಾದಂಬರಿಯ ಸುಮಾರು ಮೂರನೇ ಒಂದು ಭಾಗವನ್ನು ತಾನೇ ಕತ್ತರಿಸಿ ಹಾಕಿದ. ಮೊದಲ ಪಠ್ಯದ ಗೊಂದಲವೇ ಮೇಲು. ಮಿದುಳಿನ ಆಟಕ್ಕೆ ಅಚ್ಚುಕಟ್ಟುತನ ಒಗ್ಗುವುದಿಲ್ಲ.

ಬಾಂಬು ಏನಾಯಿತು? ಸೆನೆಟರನೇ ಮಗನ ಕೋಣೆಗೆ ಹೋದಾಗ ಅದೇನೆಂದು ತಿಳಿಯದೆ ಡಬ್ಬಿಯನ್ನು ಎತ್ತಿಕೊಂಡು ಹೋಗಿರುತ್ತಾನೆ. ಮಗ ಮನೆಯೆಲ್ಲ ಹುಡುಕುತ್ತಾನೆ, ಸಿಗುವುದಿಲ್ಲ. ರಾತ್ರಿ ಸಿಡಿಯುತ್ತದೆ. ಯಾರೂ ಸಾಯುವುದಿಲ್ಲ. ಕೋಣೆಯೊಂದು ಹಾಳಾಯಿತು, ಅಷ್ಟೆ. ಆದರೆ ಹೊಗೆಯ ನಡುವೆ ಮಗ ಓಡಿ ಬಂದದ್ದನ್ನು ಕಂಡ ಅಪ್ಪ ಹೆದರಿ ಅವನಿಂದಲೇ ತಪ್ಪಿಸಿಕೊಂಡು ಓಡುತ್ತಾನೆ.

ಅವರು ಮತ್ತೆ ಭೇಟಿಯಾಗುವುದಿಲ್ಲ. ಮಗ ಟ್ಯುನೀಸಿಯಾ, ಈಜಿಪ್ಟ್ ಸುತ್ತುತ್ತಾನೆ, ಸ್ಫಿಂಕ್ಸ್ ಮುಂದೆ ಗಂಟೆಗಟ್ಟಲೆ ಕೂರುತ್ತಾನೆ, ಅಲ್ಲಿಯವರೆಗೆ ಓದುತ್ತಿದ್ದ ಕಾಂಟ್‌ನನ್ನು ಮರೆಯುತ್ತಾನೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಊರಿಗೆ ಮರಳುತ್ತಾನೆ. ಗಡ್ಡ ಬಿಟ್ಟು ಒಬ್ಬನೇ ಹೊಲದಲ್ಲಿ ತಿರುಗುವುದನ್ನು ಜನ ನೋಡಿದ್ದಾರೆ; ಚರ್ಚಿಗೂ ಹೋಗುತ್ತಾನಂತೆ; ಈಚೆಗೆ ಹದಿನೆಂಟನೆಯ ಶತಮಾನದ ಅಲೆಮಾರಿ ತತ್ತ್ವಜ್ಞಾನಿ ಸ್ಕೊವೊರೊದಾನನ್ನು ಓದುತ್ತಿದ್ದಾನಂತೆ.