ಮಿದುಳಿನ ಪಾಂಡಾ, ಕಾಡಿನ ಗವಯ

ಭಾರತದ ಯಾವ ಕಾಡಿನಲ್ಲೂ ದೈತ್ಯ ಪಾಂಡಾ ಇಲ್ಲ. ಅದು ಚೀನಾದ ಬಿದಿರುಮೆಳೆಗಳ ಪ್ರಾಣಿ. ಆದರೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಶಾಸ್ತ್ರ ಕಲಿಯುವವರಿಗೆ ಪಾಂಡಾದ ಮುಖ ಚೆನ್ನಾಗಿ ಗೊತ್ತು. ಅವರು ಅದನ್ನು ಕಾಣುವುದು ಎಂಆರ್‌ಐ ಫಿಲ್ಮಿನಲ್ಲಿ, ನಡುಮಿದುಳನ್ನು ಅಡ್ಡಕ್ಕೆ ಕತ್ತರಿಸಿದಂತೆ ತೋರಿಸುವ ಒಂದು ಪದರದಲ್ಲಿ. ಸುತ್ತಲಿನ ಅಂಗಾಂಶ ಬೆಳ್ಳಗಾಗಿರುತ್ತದೆ. ರೆಡ್ ನ್ಯೂಕ್ಲಿಯಸ್ ಎಂಬ ಜೋಡಿ ಗಂಟುಗಳು ಮಾತ್ರ ಕಪ್ಪಾಗಿಯೇ ಉಳಿದು ಕಣ್ಣುಗಳಾಗುತ್ತವೆ, ಸಬ್‌ಸ್ಟಾನ್ಷಿಯಾ ನೈಗ್ರಾದ ಹೊರ ಅಂಚುಗಳು ಕಿವಿಗಳಾಗುತ್ತವೆ. ಅದರ ಕೆಳಗೆ, ಪಾನ್ಸ್ ಭಾಗದಲ್ಲಿ, ಕೆಲವರಿಗೆ ಒಂದು ಮರಿ ಪಾಂಡಾ ಕೂಡ ಕಾಣುವುದುಂಟು. ನೋಡುವವರಿಗೆ ಮುದ್ದು ಬರುವಂಥ ಚಿತ್ರ. ಆದರೆ ಆ ಮಿದುಳಿನ ಒಡೆಯನಿಗೆ ಮಾತು ತೊದಲುತ್ತಿರುತ್ತದೆ, ಬಾಯಿಂದ ಜೊಲ್ಲು ಇಳಿಯುತ್ತಿರುತ್ತದೆ, ಕೈ ನಡುಗುತ್ತಿರುತ್ತದೆ. ಅದು ವಿಲ್ಸನ್ ಕಾಯಿಲೆ.

ಊಟದಲ್ಲಿ ಒಳಗೆ ಹೋದ ತಾಮ್ರ ಹೊರಗೆ ಹೋಗುವ ದಾರಿ ಕಾಣದೆ ಯಕೃತ್ತಿನಲ್ಲಿ, ಮಿದುಳಿನಲ್ಲಿ, ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ಕೂರುವುದೇ ಈ ಕಾಯಿಲೆ. 1912ರಲ್ಲಿ ಕಿನ್ನಿಯರ್ ವಿಲ್ಸನ್ ಇದನ್ನು ವಿವರಿಸಿದರು. 30,000 ಜನರಲ್ಲಿ ಒಬ್ಬರಿಗೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ತಂದೆ ತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದಾಗಲೇ ಕಾಣಿಸಿಕೊಳ್ಳುವುದರಿಂದ, ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮಂಥ ಕಡೆ ಇದಕ್ಕೆ ಅವಕಾಶ ಹೆಚ್ಚು. 1956ರಲ್ಲೇ ಪೆನಿಸಿಲಮೈನ್ ಎಂಬ ಔಷಧ ಬಂದಿದೆ. ಹಾಗಾಗಿ ಇಲ್ಲಿ ಮದ್ದಿಲ್ಲದ ದುಃಖಕ್ಕಿಂತ ತಡವಾಯಿತೆಂಬ ದುಃಖವೇ ದೊಡ್ಡದು. ಹುಡುಗನ ಅಕ್ಷರ ಕೆಟ್ಟಿತೆಂದು ಮೇಷ್ಟ್ರು ಬೈಯುತ್ತಾರೆ, ಸಿಟ್ಟು ಹೆಚ್ಚಾಯಿತೆಂದು ಮನೆಯವರು ತಾಯತ ಕಟ್ಟಿಸುತ್ತಾರೆ, ಅಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ.

ಇಂಥ ಕಡೆಯೇ ಆಸ್ಪತ್ರೆಯ ಮೊಗಸಾಲೆಯ ಆ ಮಾತು ಕಿವಿಗೆ ಬೀಳುವುದು: “ಒಂದು ಸ್ಕ್ಯಾನ್ ಮಾಡಿಸಿಬಿಟ್ರೆ ಎಲ್ಲ ಗೊತ್ತಾಗುತ್ತೆ.” ಹೇಳುವವರನ್ನು ದೂರಲಾರೆ. 1895ರ ಡಿಸೆಂಬರಿನಲ್ಲಿ ರಾಂಟ್‌ಜನ್ ತನ್ನ ಹೆಂಡತಿಯ ಕೈಯ ಮೂಳೆಗಳನ್ನೂ ಬೆರಳಿನ ಉಂಗುರವನ್ನೂ ಫಲಕದ ಮೇಲೆ ಮೂಡಿಸಿದಂದಿನಿಂದ ನಾವೆಲ್ಲ ನಂಬಿಕೊಂಡು ಬಂದಿರುವುದು ಇದನ್ನೇ: ಚಿತ್ರವೆಂದರೆ ಪ್ರತ್ಯಕ್ಷ, ಪ್ರತ್ಯಕ್ಷಕ್ಕೆ ಬೇರೆ ಸಾಕ್ಷಿ ಬೇಡ. ಮುರಿದ ಮೂಳೆಯ ಮಟ್ಟಿಗೆ ಈ ನಂಬಿಕೆ ನಡೆಯುತ್ತದೆ. ಅಪರೂಪದ ಕಾಯಿಲೆಯ ಮಟ್ಟಿಗೆ ನಡೆಯುವುದಿಲ್ಲ ಎಂಬುದು ನನ್ನ ವಾದ. ಅಲ್ಲಿ ಸ್ಕ್ಯಾನ್ ನಮಗೆ ಕೊಡುವುದು ಪ್ರತ್ಯಕ್ಷವನ್ನಲ್ಲ, ಉಪಮಾನವನ್ನು.

ನ್ಯಾಯ ದರ್ಶನ ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಉಪಮಾನಕ್ಕೆ ಅವರು ಕೊಡುವ ಉದಾಹರಣೆ ಹಳೆಯದು. ಊರಿನವನೊಬ್ಬನಿಗೆ ಗವಯ ಎಂದರೇನೆಂದು ಗೊತ್ತಿಲ್ಲ. ಕಾಡಿನವನು ಹೇಳುತ್ತಾನೆ, ಗವಯ ಹಸುವಿನ ಹಾಗಿರುತ್ತದೆ ಎಂದು. ಮುಂದೊಂದು ದಿನ ಊರಿನವನು ಕಾಡಿಗೆ ಹೋದಾಗ ಹಸುವಿನಂಥದ್ದೇ ಆದರೆ ಹಸುವಲ್ಲದ ಪ್ರಾಣಿ ಎದುರಾಗುತ್ತದೆ. ಕೇಳಿದ ಮಾತು ನೆನಪಾಗಿ, ಓಹೋ, ಗವಯ ಎಂಬ ಹೆಸರು ಇದಕ್ಕೆ ಸೇರಿದ್ದು ಎಂದು ತಿಳಿಯುತ್ತದೆ. ಕಣ್ಣಿಗೆ ಬಿದ್ದದ್ದಷ್ಟರಿಂದಲೇ ಬಂದ ಜ್ಞಾನ ಇದಲ್ಲ. ಕಾಡಿನವನ ಮಾತು, ಅದರ ನೆನಪು, ಕಣ್ಣೆದುರಿನ ಹೋಲಿಕೆ ಮೂರೂ ಕೂಡಿದಾಗ ಹುಟ್ಟಿದ್ದು.

ಫಿಲ್ಮ್ ಎತ್ತಿ ಬೆಳಕಿಗೆ ಹಿಡಿಯುವ ವೈದ್ಯೆ ಮಾಡುವುದೂ ಇದನ್ನೇ. 1991ರಲ್ಲಿ ಜಪಾನಿನ ವೈದ್ಯರು ವಿಲ್ಸನ್ ಕಾಯಿಲೆಯ ಮೂವರು ರೋಗಿಗಳ ನಡುಮಿದುಳಿನ ಚಿತ್ರಗಳನ್ನು ವಿವರಿಸಿ, ಇದು ಪಾಂಡಾದ ಮುಖದಂತಿದೆ ಎಂದರು. ಅವರೇ ಇಲ್ಲಿ ಕಾಡಿನವರು. ಅವರು ಹೇಳುವ ಮೊದಲು ಎಂಆರ್‌ಐ ಯಂತ್ರ ಇತ್ತು, ಬಿಳುಪು ಕಪ್ಪು ಎಲ್ಲ ಇತ್ತು, ಪಾಂಡಾ ಇರಲಿಲ್ಲ. (ಒಂದು ತಮಾಷೆಯೂ ಇದೆ. ನ್ಯಾಯದವರ ಕಥೆಯಲ್ಲಿ ಕಾಣದ ಪ್ರಾಣಿಯನ್ನು ತಿಳಿಸಲು ಹಿತ್ತಲಿನ ಹಸು ಬರುತ್ತದೆ. ನಮ್ಮ ವೈದ್ಯರಿಗೋ ಕಾಣದ ಕಾಯಿಲೆಯನ್ನು ಕಾಣದ ಪ್ರಾಣಿಯಿಂದಲೇ ಹೇಳಿಕೊಡಬೇಕು. ಮತ್ತೊಂದು ಕಾಯಿಲೆಗೆ ಹಮ್ಮಿಂಗ್‌ಬರ್ಡ್ ಎಂಬ ಗುರುತಿದೆ, ಅಮೆರಿಕ ಖಂಡಗಳ ಆಚೆ ಎಲ್ಲೂ ಇಲ್ಲದ ಹಕ್ಕಿ ಅದು. ಇನ್ನೊಂದಕ್ಕೆ ಇಂಗ್ಲೆಂಡಿನವರು ಗುಡ್ ಫ್ರೈಡೇಗೆ ತಿನ್ನುವ ಶಿಲುಬೆ ಗೀಟಿನ ಬನ್ನಿನ ಹೆಸರು. ಕಬ್ಬಿಣದ ಅಂಶ ಮಿದುಳಿನಲ್ಲಿ ತುಂಬುವ ಕಾಯಿಲೆಯೊಂದಕ್ಕೆ ಹುಲಿಯ ಕಣ್ಣು ಎಂದಿಟ್ಟರಲ್ಲ, ಅದೊಂದೇ ನಮಗೆ ಸ್ವಲ್ಪ ಹತ್ತಿರದ್ದು.)

ಇದು ಉಪಮಾನವಲ್ಲ, ಬರೀ ಅನುಮಾನ ಎಂದು ವೈಶೇಷಿಕರು ತಕರಾರು ತೆಗೆದಾರು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಎಲ್ಲಿ ಪಾಂಡಾವೋ ಅಲ್ಲಿ ವಿಲ್ಸನ್, ಅಷ್ಟೇ ತಾನೆ? ಆಗಲಿ, ಒಪ್ಪೋಣ. ಆದರೆ ಹೊಗೆ ಬೆಂಕಿಗಳ ನಂಟು ನಮಗೆ ಗಟ್ಟಿಯಾದದ್ದು ಅಡುಗೆಮನೆಯಲ್ಲಿ ದಿನವೂ ನೋಡಿ ನೋಡಿ. ಬದುಕಿಡೀ ದುಡಿದರೂ ಮೂರೋ ನಾಲ್ಕೋ ಸಲ ಎದುರಾಗುವ ಕಾಯಿಲೆಯಲ್ಲಿ ಹಾಗೆ ನೋಡಿ ನೋಡಿ ಕಲಿಯುವುದು ಯಾರಿಂದ ಸಾಧ್ಯ? ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯರಿಂದ ಅಲ್ಲ, ದೊಡ್ಡ ನಗರದ ಒಬ್ಬ ತಜ್ಞರಿಂದಲೂ ಕಷ್ಟ. ದಶಕಗಳ ಕೇಸ್ ಶೀಟುಗಳನ್ನು ಕಾದಿಟ್ಟ ಒಂದು ಸಂಸ್ಥೆಯಿಂದ ಮಾತ್ರ ಆಗುವ ಕೆಲಸ ಅದು.

ನಿಮ್ಹಾನ್ಸ್ ಅಂಥ ಕೆಲಸ ಮಾಡಿದೆ. ಚಿಕ್ಕ ವಯಸ್ಸಿನಲ್ಲೇ ಕೈಕಾಲಿನ ಚಲನೆ ಕೆಡುವ 100 ರೋಗಿಗಳ ಎಂಆರ್‌ಐಗಳನ್ನು ಅಲ್ಲಿನ ವೈದ್ಯರು ಹೋಲಿಸಿ 2010ರಲ್ಲಿ ಪ್ರಕಟಿಸಿದರು. ಅವರಲ್ಲಿ 56 ಜನ ವಿಲ್ಸನ್ ಕಾಯಿಲೆಯವರು. ಪಾಂಡಾ ಮುಖ ಕಂಡದ್ದು ಈ 56ರಲ್ಲಿ ಶೇಕಡಾ 14ರಷ್ಟು ಜನರಲ್ಲಿ ಮಾತ್ರ. ತರ್ಕಶಾಸ್ತ್ರದಲ್ಲಿ ಇದಕ್ಕೂ ಹಳೆಯ ದೃಷ್ಟಾಂತವಿದೆ: ಕೆಂಪಗೆ ಕಾದ ಕಬ್ಬಿಣದ ಗುಂಡು. ಅಲ್ಲಿ ಬೆಂಕಿ ಉಂಟು, ಹೊಗೆಯಿಲ್ಲ. ಹೊಗೆ ಕಂಡರೆ ಬೆಂಕಿ ಎನ್ನಬಹುದು, ಹೊಗೆ ಕಾಣದಿದ್ದರೆ ಬೆಂಕಿಯಿಲ್ಲ ಎನ್ನುವ ಹಾಗಿಲ್ಲ. “ಸ್ಕ್ಯಾನ್‌ನಲ್ಲಿ ಪಾಂಡಾ ಇಲ್ಲ, ಹಾಗಾಗಿ ವಿಲ್ಸನ್ ಅಲ್ಲ” ಎಂದವರು ಏಳರಲ್ಲಿ ಆರು ರೋಗಿಗಳನ್ನು ಕೈಬಿಟ್ಟಂತಾಯಿತು.

ಅದೇ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ. ನಡುಮಿದುಳಿನ ಹಿಂಬದಿಯ ಟೆಕ್ಟಲ್ ಪ್ಲೇಟ್ ಎಂಬ ತೆಳು ಭಾಗ ಬೆಳ್ಳಗಾಗಿದ್ದದ್ದು ಶೇಕಡಾ 75 ಜನರಲ್ಲಿ. ಪಾಂಡಾಕ್ಕಿಂತ ಐದು ಪಟ್ಟು ಹೆಚ್ಚು ಸಿಗುವ ಗುರುತು. ಆದರೆ ಅದಕ್ಕೊಂದು ಮುದ್ದಾದ ಹೆಸರಿಲ್ಲ. ಯಾವ ಪ್ರಾಣಿಯ ಹಾಗೂ ಅದು ಕಾಣುವುದಿಲ್ಲ. ಪರೀಕ್ಷೆಗೆ ಓದುವವರ ನಾಲಿಗೆಯ ಮೇಲೆ ನಿಂತದ್ದು ಪಾಂಡಾ. ಹೋಲಿಕೆಯಿಂದ ಕಲಿತ ಕಣ್ಣಿಗೆ ಹೋಲಿಕೆ ಸಿಗದ್ದು ಜಾರಿಹೋಗುತ್ತದೆ. ಸುಂದರವಾದ ಉಪಮೆ ಸತ್ಯದ ಪಾಲನ್ನು ತಾನೇ ಉಂಡುಬಿಡುವುದು ಕಾವ್ಯದಲ್ಲಿ ಮಾತ್ರ ಎಂದುಕೊಂಡಿದ್ದೆ.

ಕಣ್ಣು ಹುಡುಕದ್ದು ಕಾಣುವುದಿಲ್ಲ ಎನ್ನುವುದಕ್ಕೆ ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಶ್ವಾಸಕೋಶದ ಸಿಟಿ ಚಿತ್ರಗಳಲ್ಲಿ ಗಂಟು ಹುಡುಕಿ ಎಂದು 24 ರೇಡಿಯಾಲಜಿಸ್ಟರಿಗೆ ಹೇಳಿ, ಒಂದು ಚಿತ್ರದೊಳಗೆ ಗೊರಿಲ್ಲಾವನ್ನು ತೂರಿಸಿದ್ದರು. ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡ ಗೊರಿಲ್ಲಾ. 20 ಜನ ಅದನ್ನು ಗಮನಿಸಲೇ ಇಲ್ಲ. ದೃಷ್ಟಿಯ ಜಾಡು ಹಿಡಿದು ನೋಡಿದರೆ, ಹಾಗೆ ಗಮನಿಸದವರಲ್ಲಿ ಹೆಚ್ಚಿನವರ ಕಣ್ಣು ನೇರ ಗೊರಿಲ್ಲಾದ ಮೇಲೆಯೇ ಹಾದು ಹೋಗಿತ್ತು. ಅವರು ಅಸಡ್ಡೆಯ ಜನವಲ್ಲ. ಗಂಟು ಹುಡುಕಿ ಎಂದಿದ್ದರು, ಗಂಟು ಹುಡುಕಿದರು.

ಆದ್ದರಿಂದಲೇ ಸ್ಕ್ಯಾನಿಂಗ್ ಸೆಂಟರಿಗೆ ಬರೆದುಕೊಡುವ ಚೀಟಿಯ ಎರಡು ಸಾಲು ಯಂತ್ರದ ಟೆಸ್ಲಾ ಬಲಕ್ಕಿಂತ ದೊಡ್ಡದು ಎಂಬ ಹಟ ನನ್ನದು. “ಎಂಆರ್‌ಐ ಬ್ರೈನ್” ಎಂದಷ್ಟೇ ಗೀಚಿದ ಚೀಟಿ ಏನನ್ನೂ ಕೇಳುವುದಿಲ್ಲ. “ಹದಿನಾಲ್ಕು ವರ್ಷ, ಒಂದು ವರ್ಷದಿಂದ ಅಕ್ಷರ ಕೆಟ್ಟಿದೆ, ಮಾತು ತೊದಲುತ್ತಿದೆ, ಹಿಂದೆ ಕಾಮಾಲೆ ಆಗಿತ್ತು, ತಂದೆ ತಾಯಿ ಸಂಬಂಧಿಕರು” ಎಂದು ಬರೆದ ಚೀಟಿ ಕತ್ತಲ ಕೋಣೆಯಲ್ಲಿ ಕೂತವರ ಕಣ್ಣಿಗೆ ದಾರಿ ಕೊಡುತ್ತದೆ. ಅದನ್ನು ಬರೆಯಲು ಯಾರೋ ಒಬ್ಬರು ಹುಡುಗನ ತಾಯಿಯ ಹತ್ತಿರ ಹತ್ತು ನಿಮಿಷ ಕೂತಿರಬೇಕು. ಆ ಹತ್ತು ನಿಮಿಷಕ್ಕೆ ನಮ್ಮಲ್ಲಿ ದರಪಟ್ಟಿಯಿಲ್ಲ, ಎಂಆರ್‌ಐಗೆ ಇದೆ. ರಿಪೋರ್ಟಿನ ಕೊನೆಗೆ “ಕ್ಲಿನಿಕಲ್ ಆಗಿ ತಾಳೆ ನೋಡಿ” ಎಂದು ಬರೆಯುವುದನ್ನು ನಾವು ಜಾರಿಕೊಳ್ಳುವ ಮಾತೆಂದು ಗೊಣಗುತ್ತೇವೆ. ಇಡೀ ರಿಪೋರ್ಟಿನಲ್ಲಿ ತನ್ನ ಮಿತಿಯನ್ನು ತಾನೇ ಬಲ್ಲ ಸಾಲು ಅದೊಂದೇ ಇರಬಹುದು.

ಹಾಗಾದರೆ ಚಿತ್ರಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಮನೋರೋಗವೆಂದು ಮಾತ್ರೆ ನುಂಗಿಸುತ್ತಿದ್ದ ಹುಡುಗನ ತಲೆಯೊಳಗೆ ಪಾಂಡಾ ಕಂಡ ಕ್ಷಣ ಎಲ್ಲರ ಮಾತಿನ ಧಾಟಿಯೇ ಬದಲಾಗುತ್ತದೆ. ಮೂತ್ರದ ತಾಮ್ರ ಅಳೆಸುತ್ತಾರೆ, ರಕ್ತದ ಸೆರುಲೋಪ್ಲಾಸ್ಮಿನ್ ನೋಡುತ್ತಾರೆ, ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪಿನಲ್ಲಿ ಕಂದು ಹಸಿರು ಬಳೆಯನ್ನು ಹುಡುಕುತ್ತಾರೆ. ನಾನು ಬೇಡವೆನ್ನುತ್ತಿರುವುದು ಸ್ಕ್ಯಾನನ್ನಲ್ಲ, ಸ್ಕ್ಯಾನ್ ತಾನಾಗಿ ಮಾತಾಡುತ್ತದೆ ಎಂಬ ಭ್ರಮೆಯನ್ನು.

ಇನ್ನು ಆ ಹುಡುಗನ ತಂಗಿ. ಅವಳಿಗೂ ಇದೇ ಕಾಯಿಲೆ ಇರುವ ಸಂಭವ ನಾಲ್ಕರಲ್ಲಿ ಒಂದು. ಅವಳು ಶಾಲೆಗೆ ಹೋಗುತ್ತಾಳೆ, ಕುಂಟೆಬಿಲ್ಲೆ ಆಡುತ್ತಾಳೆ, ಅಕ್ಷರ ದುಂಡಗಿದೆ. ಎಂಆರ್‌ಐ ತೆಗೆದರೆ ಏನೂ ಕಾಣದೇ ಇರಬಹುದು. ಅಣ್ಣನಿಗಿದೆ ಎಂಬ ಒಂದೇ ಕಾರಣಕ್ಕೆ ಅವಳ ರಕ್ತ ಮೂತ್ರ ಪರೀಕ್ಷಿಸಿ, ಇದೆ ಎಂದು ಖಚಿತವಾದರೆ ಅಂದಿನಿಂದಲೇ ಔಷಧ ಶುರು ಮಾಡುತ್ತಾರೆ. ಜೀವನಪೂರ್ತಿ, ದಿನವೂ, ಹೊಟ್ಟೆ ಖಾಲಿಯಿರುವಾಗ. ಔಷಧ ತಪ್ಪಿಸದಿದ್ದರೆ ಅಣ್ಣನ ಮಿದುಳಿನ ಪಾಂಡಾ ವರ್ಷಗಳಲ್ಲಿ ಮಸುಕಾಗಲೂಬಹುದು. ತಂಗಿಯ ಫಿಲ್ಮಿನಲ್ಲಿ ಅದು ಮೂಡುವುದೇ ಇಲ್ಲ. ಅವಳ ರಿಪೋರ್ಟು ಪ್ರತಿ ಸಲವೂ ಬರುವುದು “ನಾರ್ಮಲ್” ಎಂದೇ. ಅವಳು ಮಾತ್ರ ಬೆಳಿಗ್ಗೆ ಎದ್ದು, ತಿಂಡಿಗೆ ಒಂದು ಗಂಟೆ ಮೊದಲು, ಮಾತ್ರೆ ನುಂಗುತ್ತಿರುತ್ತಾಳೆ.